ಸೀಮೆಸುಣ್ಣದ ಸಂಭಾವಿತರು

ಚುನಾವಣೆ ಬಂತೆಂದರೆ ಸಾಕು, ‘ಈ ಕ್ಯಾಂಡಿಡೇಟ್ ಶುದ್ಧಹಸ್ತರಾ?’ ಅಂತ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಪಾಪ, ‘ಕ್ಯಾಂಡಿಡೇಟ್’ ಎಂಬ ಪದ ಕೈಯ ಬಗ್ಗೆ ಯಾವತ್ತೂ ಮಾತು ಕೊಟ್ಟಿರಲಿಲ್ಲ. ಅದು ಹೇಳಿದ್ದು ಬಟ್ಟೆಯ ಬಗ್ಗೆ ಮಾತ್ರ.

ಲ್ಯಾಟಿನ್‌ನಲ್ಲಿ ‘ಕ್ಯಾಂಡಿಡಾಟುಸ್’ ಅಂದರೆ ಬೆಳ್ಳನೆ ಬಟ್ಟೆ ತೊಟ್ಟವನು. ಹಳೇ ರೋಮ್‌ನಲ್ಲಿ ಪದವಿಗೆ ನಿಂತವರು ತಮ್ಮ ಟೋಗಾಕ್ಕೆ, ಅಂದರೆ ಮೈಗೆ ಸುತ್ತಿಕೊಳ್ಳುವ ಉದ್ದನೆ ಉಣ್ಣೆ ಬಟ್ಟೆಗೆ, ಸೀಮೆಸುಣ್ಣ ತಿಕ್ಕಿಕೊಂಡು ಮತ ಕೇಳಲು ಹೊರಡುತ್ತಿದ್ದರು. ಉಣ್ಣೆಯ ಸಹಜ ಬಿಳುಪು ಸಾಲುತ್ತಿರಲಿಲ್ಲ. ಜನರ ಕಣ್ಣು ಕುಕ್ಕಬೇಕಲ್ಲ!

ಇದು ಅತಿಯಾಯಿತು ಅಂತ ಕ್ರಿ.ಪೂ. 432ರಲ್ಲೇ ಒಂದು ಕಾನೂನು ಬಂತು ಎನ್ನುತ್ತಾನೆ ಇತಿಹಾಸಕಾರ ಲಿವಿ. ಮತ ಕೇಳುವುದಕ್ಕಾಗಿ ಯಾರೂ ಬಟ್ಟೆ ಬಿಳಿ ಮಾಡಿಕೊಳ್ಳುವಂತಿಲ್ಲ. ಕಾನೂನು ಮೂಲೆ ಸೇರಿತು. ಸೀಮೆಸುಣ್ಣದವನು ಮಾತ್ರ ಎಷ್ಟೋ ಭಾಷೆಗಳ ನಿಘಂಟು ಸೇರಿದ.

ಇನ್ನೂ ಒಂದು ಮಜಾ ಇದೆ. ಕೆಲವರು ಒಳಂಗಿ ಇಲ್ಲದೆ ಬರೀ ಟೋಗಾ ಸುತ್ತಿಕೊಂಡು ಬರುತ್ತಿದ್ದರಂತೆ. ಗ್ರೀಕ್ ಲೇಖಕ ಪ್ಲುಟಾರ್ಕ್ ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು ಯುದ್ಧದ ಗಾಯ ತೋರಿಸುವುದು, ಇನ್ನೊಂದು ಹಂಚುವ ದುಡ್ಡು ಬಟ್ಟೆಯೊಳಗೆ ಅಡಗಿಲ್ಲ ಅಂತ ತೋರಿಸುವುದು. ದುಡ್ಡು ಅಲ್ಲಿ ಇರಲಿಲ್ಲ, ನಿಜ. ಹಂಚುವುದಕ್ಕೆ ‘ದಿವಿಸೋರ್’ ಎಂಬ ಬೇರೆಯೇ ಜನ ಇದ್ದರು. ಮತ ಕೇಳುವವನ ಪಕ್ಕದಲ್ಲಿ ಒಬ್ಬ ಗುಲಾಮ. ಎದುರಿಗೆ ಬಂದವನ ಹೆಸರನ್ನು ಯಜಮಾನನ ಕಿವಿಯಲ್ಲಿ ಉಸುರುವುದೇ ಅವನ ಕೆಲಸ. ‘ಏನಪ್ಪಾ, ಚೆನ್ನಾಗಿದ್ದೀಯಾ?’ ಅಂತ ಆತ್ಮೀಯವಾಗಿ ಹೆಗಲು ತಟ್ಟಲು ಅಷ್ಟಾದರೂ ಬೇಡವೇ? ಈಗ ಆ ನೌಕರಿ ಫೋನಿಗೆ ಸಿಕ್ಕಿದೆ. ಅದು ವಯಸ್ಸು, ಮತಗಟ್ಟೆಯನ್ನೂ ಸೇರಿಸಿ ಉಸುರುತ್ತದೆ.

ಲಂಚದ ವಿರುದ್ಧ ಕಾನೂನುಗಳಿಗೇನೂ ಬರ ಇರಲಿಲ್ಲ. ಕ್ರಿ.ಪೂ. 67ರಲ್ಲಿ ಒಂದು ಬಂತು. ಸಿಕ್ಕಿಬಿದ್ದವನಿಗೆ ದಂಡ, ಮೇಲೆ ಪದವಿಯೂ ಇಲ್ಲ. ಕ್ರಿ.ಪೂ. 63ರಲ್ಲಿ ಕಾನ್ಸಲ್, ಅಂದರೆ ವರ್ಷಕ್ಕೊಮ್ಮೆ ಚುನಾಯಿತರಾಗುವ ಅತ್ಯುನ್ನತ ಅಧಿಕಾರಿ, ಆಗಿದ್ದ ಹೆಸರಾಂತ ವಕೀಲ ಸಿಸೆರೊ ಅದೂ ಸಾಲದು ಅಂತ ಹತ್ತು ವರ್ಷದ ಗಡಿಪಾರು ಸೇರಿಸಿದ. ಅದೇ ವರ್ಷ ಮುರೇನಾ ಎಂಬುವನು ಮತಕ್ಕೆ ಲಂಚ ಕೊಟ್ಟು ಗೆದ್ದ ಅಂತ ಕಟಕಟೆ ಹತ್ತಿದ. ಅವನ ಪರ ವಾದಿಸಿದ್ದು ಯಾರು? ಸಾಕ್ಷಾತ್ ಸಿಸೆರೊ! ಬೀಗ ಮಾಡಿದವನೇ ಬಾಗಿಲು ತೆಗೆದುಕೊಡಲು ನಿಂತರೆ ತಡ ಯಾಕಾಗುತ್ತದೆ, ಅಲ್ವಾ? ಮುರೇನಾ ನಿರ್ದೋಷಿ ಎಂದು ತೀರ್ಪಾಯಿತು. ಮರುವರ್ಷ ಅವನೇ ಕಾನ್ಸಲ್.