ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್: ಹೆವಿ ಮೆಟಲ್ ಹುಟ್ಟಿದ್ದು ಇಲ್ಲೇನಾ?

ಪರ

ಹೌದು, ಹೆವಿ ಮೆಟಲ್ ಎಂಬ ಭಾರವಾದ ರಾಕ್ ಹುಟ್ಟಿದ್ದು ಇಲ್ಲೇ. 1970ರ ಫೆಬ್ರವರಿ 13ರಂದು ಬಂದ, ಇಂಗ್ಲೆಂಡಿನ ಈ ರಾಕ್ ಬ್ಯಾಂಡ್‌ನ ಆಲ್ಬಮ್ ಹಾಕಿದರೆ ಮೊದಲು ಕೇಳುವುದು ಮಳೆ, ಗುಡುಗು, ದೂರದಲ್ಲೊಂದು ಗಂಟೆ. ಆಮೇಲೆ ಟೋನಿ ಅಯೋಮಿಯವರ ಗಿಟಾರ್. ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಆ ಕೊನೆಯ ಸ್ವರ ನಡುಗುತ್ತಾ ನಿಲ್ಲುತ್ತದೆ. ಜೋರಾದ ರಾಕ್ ಆಗಲೇ ಬೇಕಾದಷ್ಟಿತ್ತು. ಆದರೆ ಇಷ್ಟು ನಿಧಾನವಾಗಿ, ಇಷ್ಟು ಭಾರವಾಗಿ ಹೆದರಿಸುವ ಸಂಗೀತ ಇರಲಿಲ್ಲ. ಡೂಮ್ ಮೆಟಲ್ ಎಂಬ ನಿಧಾನ ಮೆಟಲ್‌ನ ಇಡೀ ಪ್ರಕಾರ ಬೆಳೆದದ್ದು ಈ ಒಂದು ಮೊದಲ ಹಾಡಿನ ಬುಡದಿಂದ.

ಆ ಭಾರ ಸುಮ್ನೆ ಬಂದದ್ದಲ್ಲ. ಅಯೋಮಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕೆಲಸ ಬಿಡಬೇಕಿದ್ದ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವರು ಎಡಚರು, ತಂತಿ ಒತ್ತುವುದು ಆ ಬಲಗೈಯಲ್ಲೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು. ಅದಕ್ಕೆ ತೊಗಲು ಅಂಟಿಸಿದರು, ಗಿಟಾರ್‌ಗೆ ತೆಳು ತಂತಿ ಕಟ್ಟಿದರು. ಇವತ್ತು ಲೋಕವೆಲ್ಲ ಅನುಕರಿಸುವ ಗಿಟಾರ್ ನಾದ ಆ ಕೈಯಿಂದ ಬಂತು. ಆಲ್ಬಮ್ ರೆಕಾರ್ಡ್ ಆಗಿದ್ದು ಒಂದೇ ದಿನದಲ್ಲಿ. ವೇದಿಕೆಯಲ್ಲಿ ನುಡಿಸುತ್ತಿದ್ದಂತೆಯೇ ನುಡಿಸಿ ಎದ್ದುಹೋದರು. ಆ ಹಸಿತನವೇ ಅದರ ಶಕ್ತಿ.

ವಿರೋಧ

ಮೊದಲ ಹಾಡು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಹಾಡು ಇಡೀ ಆಲ್ಬಮ್ ಅಲ್ಲವಲ್ಲ. ಎರಡನೆಯದರಲ್ಲೇ ಮೌತ್ ಆರ್ಗನ್ ಶುರುವಾಗುತ್ತದೆ. ಮುಂದೆ ಬೇರೆ ಬ್ಯಾಂಡ್‌ಗಳ ಎರಡು ಹಾಡುಗಳಿವೆ. ಕೊನೆಯ ಉದ್ದನೆಯ ಹಾಡು ಬಹುಪಾಲು ಬ್ಲೂಸ್. ತಂತಿ ಸಡಿಲಿಸಿ ಶ್ರುತಿ ಇಳಿಸಿದ್ದು 1971ರ ಮೂರನೇ ಆಲ್ಬಮ್‌ನಲ್ಲಿ. ಮೆಟಲ್‌ನವರು ನಿಜವಾಗಿ ಅನುಕರಿಸಿದ್ದು ಅದನ್ನು.

ಪ್ರತಿಮಧ್ಯಮದ ಮಾತೂ ಸ್ವಲ್ಪ ಜಾಸ್ತಿಯಾಯಿತು. ಕಲ್ಯಾಣಿಯಲ್ಲಿರುವುದೂ ಅದೇ ಸ್ವರ. ಅದನ್ನು ಕೇಳಿ ಯಾರೂ ಹೆದರುವುದಿಲ್ಲ ಅಲ್ವಾ? ಇಲ್ಲಿ ಹೆದರಿಸುವುದು ನಿಧಾನ ಲಯ ಮತ್ತು ಒರಟು ನಾದ.

ಇನ್ನು ಮೆಟಲ್‌ನ ವೇಗದ ವಿಷಯ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿದಾಗ ಜನ ಕುಣಿದ ಆ ವೇಗ ಮೋಟರ್‌ಹೆಡ್, ಡೈಮಂಡ್ ಹೆಡ್ ಎಂಬ ಬ್ಯಾಂಡ್‌ಗಳ ಕಡೆಯಿಂದ ಬಂದದ್ದು. ಈ ಆಲ್ಬಮ್‌ನಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಬ್ಯಾಂಡ್‌ನವರೇ ಏನು ಆರಿಸಿಕೊಂಡರು ನೋಡಿ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ವಿದಾಯ ಹೇಳುವಾಗ ಅವರು ನುಡಿಸಿದ್ದು ನಾಲ್ಕು ಹಾಡು. ಅದರಲ್ಲಿ ಮೊದಲ ಆಲ್ಬಮ್‌ನದು ಒಂದೇ. ಉಳಿದ ಮೂರೂ ಎರಡನೆಯದ್ದರಿಂದ.