ಎಚ್.ಆರ್. ಪಂಚಾಂಗ ಶ್ರವಣ

ಯುಗಾದಿ ಪಂಚಾಂಗ ಅಂಗಡಿಗೆ ಬರುವುದಕ್ಕೆ ಮೂರ್ನಾಲ್ಕು ತಿಂಗಳು ಮೊದಲೇ ಬೆಂಗಳೂರಿನಲ್ಲಿ ಇನ್ನೊಂದು ಪಂಚಾಂಗ ಬಿಡುಗಡೆಯಾಗುತ್ತದೆ. ಅದರ ಹೆಸರು 'ಕೆಲಸದ ಭವಿಷ್ಯ'. ಓದುವವರು ಎಚ್.ಆರ್., ಅಂದರೆ ಸಿಬ್ಬಂದಿ ವಿಭಾಗದ ಪರಿಣತರು. ಸ್ಥಳ ಯಾವುದೋ ಸ್ಟಾರ್ ಹೋಟೆಲಿನ ಎ.ಸಿ. ಹಾಲ್. ಬೇವು-ಬೆಲ್ಲದ ಬದಲು ಕುಕೀಸು, ಗ್ರೀನ್ ಟೀ.

ಸಂವತ್ಸರಗಳಿಗೂ ಬರವಿಲ್ಲ. 2021 ಸಾಮೂಹಿಕ ರಾಜೀನಾಮೆಯ ಸಂವತ್ಸರ. 2022 ಮೂನ್‌ಲೈಟಿಂಗ್, ಅಂದರೆ ಕದ್ದು ಎರಡನೇ ಕೆಲಸ ಮಾಡುವ ಸಂವತ್ಸರ. 2023ರಲ್ಲಿ ಎಐ ಸಂವತ್ಸರ ಶುರುವಾಯಿತು, ಅದು ಇನ್ನೂ ಮುಗಿದಿಲ್ಲ. ಪ್ರತಿ ಸಂವತ್ಸರಕ್ಕೂ ದೋಷ ಬೇರೆ. ಆದರೆ ಶಾಂತಿ ಮಾಡಿಸಬೇಕಾದವನು ಮಾತ್ರ ಯಾವಾಗಲೂ ಉದ್ಯೋಗಿಯೇ. ಕಂಪನಿಯ ಜಾತಕದಲ್ಲಿ ಶನಿ ಕಾಟ ಇದೆ ಎಂದು ಇದುವರೆಗೆ ಯಾವ ಸ್ಲೈಡೂ ಹೇಳಿಲ್ಲ.

ಈಚೆಗೆ ಜಾಸ್ತಿ ಓಡುತ್ತಿರುವುದು 'ಉದ್ಯೋಗಿಯ ಕ್ಷೇಮ'. ಹಾಗಾಗಿ ಬುಧವಾರ ಸಂಜೆ ಆರೂವರೆಗೆ 'ಕೆಲಸ ಮತ್ತು ಬದುಕಿನ ಸಮತೋಲನ'ದ ಬಗ್ಗೆ ಆನ್‌ಲೈನ್ ಉಪನ್ಯಾಸ ಇರುತ್ತದೆ. ಬರದಿದ್ದವರ ಪಟ್ಟಿ ಮ್ಯಾನೇಜರಿಗೆ ಹೋಗುತ್ತದೆ. 'ದೀರ್ಘವಾಗಿ ಉಸಿರು ಎಳೆದುಕೊಳ್ಳಿ' ಎಂದು ಉಪನ್ಯಾಸಕಿ ಹೇಳುವಾಗಲೇ ಚಾಟ್‌ನಲ್ಲಿ ಮ್ಯಾನೇಜರ್ ಕೇಳುತ್ತಾರೆ, 'ಬ್ರೋ, ಆ ಪ್ರೆಸೆಂಟೇಶನ್ ಡೆಕ್ ಇವತ್ತೇ ಕಳಿಸ್ತೀರಾ?' ಎಳೆದುಕೊಂಡ ಉಸಿರು ಅಲ್ಲೇ ನಿಲ್ಲುತ್ತದೆ.

ಕ್ಷೇಮದ ಪರಾಕಾಷ್ಠೆ ಕಂಡಿದ್ದು 2024ರ ಡಿಸೆಂಬರ್‌ನಲ್ಲಿ. ನೊಯ್ಡಾದ ಯೆಸ್‌ಮೇಡಂ ಎಂಬ ಸ್ಟಾರ್ಟಪ್‌ನ ಎಚ್.ಆರ್. ಮೇಲ್ ಒಂದು ಎಲ್ಲೆಡೆ ಹರಿದಾಡಿತು. ಒತ್ತಡದ ಬಗ್ಗೆ ಸಮೀಕ್ಷೆ ಮಾಡಿದೆವು, ತುಂಬಾ ಒತ್ತಡ ಇದೆ ಎಂದವರನ್ನು ಕೆಲಸದಿಂದ ಬಿಡಿಸುತ್ತಿದ್ದೇವೆ, ಇನ್ನು ಆಫೀಸಿನಲ್ಲಿ ಯಾರಿಗೂ ಒತ್ತಡ ಇರುವುದಿಲ್ಲ ಎಂಬುದು ಅದರ ಸಾರ. ದೇಶವೆಲ್ಲ ಬೈದ ಮೇಲೆ ಕಂಪನಿ ಹೇಳಿತು: ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಜಾಗೃತಿ ಮೂಡಿಸಲು ನಾವೇ ಮಾಡಿದ ಪ್ರಚಾರ ಅದು. ಇರಲಿ. ಆದರೆ ಮೇಲ್ ಓದಿದ ಯಾರೂ 'ಛೆ, ಹೀಗೆಲ್ಲ ಮಾಡ್ತಾರಾ' ಅನ್ನಲಿಲ್ಲ. 'ಓ, ಅಲ್ಲೂ ಶುರುವಾಯ್ತಾ' ಅಂದರು. ಅಂದಿನಿಂದ ಅನಾಮಧೇಯ ಸಮೀಕ್ಷೆ ಬಂದರೆ ಜನ ಐದಕ್ಕೆ ಐದು ಕೊಟ್ಟು, ಕಾಮೆಂಟ್ ಜಾಗದಲ್ಲಿ 'ತುಂಬಾ ಖುಷಿಯಾಗಿದ್ದೇನೆ' ಎಂದು ಬರೆಯುತ್ತಾರೆ. ಆ ಅನಾಮಧೇಯ ಲಿಂಕಿಗೆ ಲಾಗಿನ್ ಆಗಬೇಕಿರುವುದು ಎಂಪ್ಲಾಯಿ ಐಡಿಯಿಂದ, ಅಲ್ವಾ?

ಇನ್ನು ಕಾಲಗಣನೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ಅದನ್ನು 90ಕ್ಕೆ ಏರಿಸಿದರು. ಭಾನುವಾರ ಮನೆಯಲ್ಲಿ ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತಾ ಕೂರುತ್ತೀರಿ ಎಂದೂ ಕೇಳಿದರು. ಹೆಂಡತಿಯರ ಅಭಿಪ್ರಾಯವನ್ನು ಯಾವ ಎಚ್.ಆರ್. ಸಮೀಕ್ಷೆಯೂ ಕೇಳಲಿಲ್ಲ. 90 ಗಂಟೆಯನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 13 ಗಂಟೆ ಬೀಳುತ್ತದೆ. ನಮ್ಮ ರಾಜ್ಯ ಸರ್ಕಾರ ಇದಕ್ಕೂ ಮುಂದಿತ್ತು. ಐಟಿ ನೌಕರರ ದಿನದ ದುಡಿಮೆಯನ್ನು ಓಟಿ ಸೇರಿ 14 ಗಂಟೆಗೆ ಒಯ್ಯುವ ಪ್ರಸ್ತಾವ 2024ರ ಜುಲೈನಲ್ಲೇ ಬಂದಿತ್ತು. ನೌಕರರ ಸಂಘ ವಿರೋಧಿಸಿದಾಗ, ಇದಕ್ಕೆ ಉದ್ಯಮದ ಒತ್ತಡವೇ ಕಾರಣ ಎಂದು ಕಾರ್ಮಿಕ ಸಚಿವರು ಹೇಳಿದರು. ಒತ್ತಡ ಇದೆ ಎಂದು ಬಾಯಿಬಿಟ್ಟೂ ಕುರ್ಚಿಯಲ್ಲಿ ಉಳಿದದ್ದು ಬಹುಶಃ ಅವರೊಬ್ಬರೇ. 2025ರ ಜೂನ್‌ನಲ್ಲಿ ಮತ್ತೊಂದು ಪ್ರಸ್ತಾವ ಬಂತು: ದಿನಕ್ಕೆ 10 ಗಂಟೆ, ಓಟಿ ಸೇರಿ 12. 14 ನೋಡಿದವರಿಗೆ 12 ರಿಯಾಯಿತಿ ದರದಂತೆ ಕಂಡಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ನಿಂತ ಹೊತ್ತು ಯಾರ ಲೆಕ್ಕದಲ್ಲೂ ಬರುವುದಿಲ್ಲ. ಅದು ಪಂಚಾಂಗದ ಪ್ರಕಾರ ಪೂರ್ವಜನ್ಮದ ಕರ್ಮ.

ಮೂನ್‌ಲೈಟಿಂಗ್ ಸಂವತ್ಸರವನ್ನು ಹಾಗೇ ದಾಟಿ ಹೋಗುವಂತಿಲ್ಲ. ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದ 300 ಜನರನ್ನು ತೆಗೆದುಹಾಕಿದ್ದಾಗಿ ವಿಪ್ರೋ 2022ರಲ್ಲಿ ಹೇಳಿತು. ಒಬ್ಬ ಮನುಷ್ಯ ಎರಡು ಕಡೆ ನಿಷ್ಠೆಯಿಂದ ಇರುವುದು ಅಸಾಧ್ಯ ಎಂಬ ಮಾತು ಆಗ ಎಲ್ಲೆಲ್ಲೂ ಕೇಳಿತು. ಸರಿಯೇ. ಆದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ಒಬ್ಬ ವ್ಯಕ್ತಿ 20 ಕಂಪನಿಗಳಲ್ಲಿ ನಿರ್ದೇಶಕನಾಗಿರಬಹುದು. ರಾತ್ರಿ ಹತ್ತರ ಮೇಲೆ ಎರಡನೇ ಲ್ಯಾಪ್‌ಟಾಪ್ ತೆರೆದರೆ ಮೋಸ. ಬೆಳಿಗ್ಗೆ ಹತ್ತಕ್ಕೆ ಮೂರನೇ ಬೋರ್ಡ್ ಮೀಟಿಂಗಿಗೆ ಹೊರಟರೆ ಅನುಭವ.

ರಾಶಿಫಲಕ್ಕೆ ಬರೋಣ. ಫ್ರೆಷರ್ ರಾಶಿಯವರಿಗೆ ಆದಾಯ ಮೂರೂವರೆ ಲಕ್ಷದ ಆಸುಪಾಸು. ದೊಡ್ಡ ಸರ್ವೀಸ್ ಕಂಪನಿಗಳಲ್ಲಿ ಹತ್ತು ವರ್ಷದ ಹಿಂದೆಯೂ ಹೆಚ್ಚುಕಮ್ಮಿ ಇಷ್ಟೇ ಇತ್ತು. ವ್ಯಯದಲ್ಲಿ ಮನೆ ಅಡ್ವಾನ್ಸ್ ಒಂದೇ ಸಾಕು, ಉಳಿದದ್ದು ಹೇಳುವುದು ಬೇಡ. ಪ್ರಾಜೆಕ್ಟ್ ಸಿಗದೆ ಕಾಯುತ್ತಾ ಕೂತ ಬೆಂಚ್ ರಾಶಿಯವರು ಹುಷಾರು. ವರ್ಷಕ್ಕೆ 225 ದಿನ ಬಿಲ್ಲಿಂಗ್‌ನಲ್ಲಿ, ಅಂದರೆ ಕ್ಲೈಂಟ್ ದುಡ್ಡು ಕೊಡುವ ಕೆಲಸದಲ್ಲಿರಬೇಕು, ಬೆಂಚಿನಲ್ಲಿ 35 ದಿನ ಮೀರಬಾರದು ಎಂದು 2025ರ ಜೂನ್‌ನಲ್ಲಿ ಟಿಸಿಎಸ್ ನಿಯಮ ಮಾಡಿತು. ಪ್ರಾಜೆಕ್ಟ್ ತರಬೇಕಾದದ್ದು ಕಂಪನಿಯ ಕೆಲಸವಲ್ಲವೇ ಎಂದು ಕೇಳಬೇಡಿ. ಬೇರೆ ಪರಿಹಾರ ಹುಡುಕಿ, ಆನ್‌ಲೈನ್ ಕೋರ್ಸ್ ಸರ್ಟಿಫಿಕೇಟನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿ. ಅದೇ ವರ್ಷದ ಜುಲೈನಲ್ಲಿ ಆ ಕಂಪನಿ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಕಾರಣ ಎಐ ಅಲ್ಲವಂತೆ, ಕೌಶಲ ಹೊಂದದಿರುವುದಂತೆ. ನೋಡಿ, ಇಲ್ಲೂ ದೋಷ ಉದ್ಯೋಗಿಯ ಮನೆಯಲ್ಲೇ ಕೂತಿದೆ.

ಮೂರು ತಿಂಗಳ ನೋಟಿಸ್ ಪಿರಿಯಡ್ಡಿನ ಮುಂದೆ ಮಾತ್ರ ಎಲ್ಲ ರಾಶಿಗಳೂ ಒಂದೇ. ನೀವು ಬಿಟ್ಟು ಹೋಗುವುದಾದರೆ 90 ದಿನ ಬೇಕು. ನೀವಿಲ್ಲದೆ ಪ್ರಾಜೆಕ್ಟ್ ಕುಸಿಯುತ್ತದೆ, ಕ್ಲೈಂಟ್ ಅಳುತ್ತಾನೆ, ರಿಲೀವಿಂಗ್ ಲೆಟರ್ ಅಷ್ಟು ಸುಲಭಕ್ಕೆ ಕೊಡಲಾಗದು. ಅವರೇ ಕಳಿಸುವುದಾದರೆ ಹದಿನೈದು ನಿಮಿಷದ ಕಾಲ್ ಸಾಕು. ಕಾಲ್ ಮುಗಿಯುವಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್ ಆಗಿರುತ್ತದೆ. 90 ದಿನದ ಸಂಬಳ ಕೈಗಿಟ್ಟರೆ ಕಾನೂನು ಮುಗಿಯಿತು. ಪ್ರಾಜೆಕ್ಟ್ ಕುಸಿಯಲಿಲ್ಲವೇ, ಕ್ಲೈಂಟ್ ಅಳಲಿಲ್ಲವೇ ಎಂದು ಕೇಳೋಣ ಎಂದರೆ ಮೈಕ್ ಮ್ಯೂಟ್. ದೂರು ಕೊಡೋಣ ಎಂದು ನಿಯಮ ಹುಡುಕಿದರೆ ಇನ್ನೊಂದು ಚಮತ್ಕಾರ. ಕೆಲಸದಿಂದ ತೆಗೆಯುವುದಕ್ಕೂ ಒಂದು ರೀತಿ ನೀತಿ ಇರಬೇಕೆಂದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ವಿನಾಯಿತಿ ಕೊಡುತ್ತಲೇ ಬಂದಿತ್ತು. 2024ರಲ್ಲಿ ಅದನ್ನೇ ಮತ್ತೆ 5 ವರ್ಷಕ್ಕೆ ವಿಸ್ತರಿಸಿತು. ಕುಂದುಕೊರತೆ ಸಮಿತಿ ಇರಬೇಕು ಎಂಬ ಷರತ್ತೇನೋ ಇತ್ತು. ಆ ಸಮಿತಿಯ ಮೇಲ್ ಐಡಿಗೆ ಬರೆಯಲು ಆಫೀಸಿನ ಲಾಗಿನ್ ಬೇಕಿತ್ತು.

ಮರುದಿನ ನಿಮ್ಮ ಸ್ವಂತ ಇಮೇಲ್‌ಗೆ ಒಂದು ಫಾರಂ ಬರುತ್ತದೆ. 'ನಮ್ಮಲ್ಲಿ ಕೆಲಸ ಮಾಡುವಂತೆ ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ? 0ಯಿಂದ 10ರವರೆಗೆ ಅಂಕ ಕೊಡಿ.' ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಎಂಬ ಬಾಕಿ ಹಣ ಇನ್ನೂ ಬಂದಿರುವುದಿಲ್ಲವಾದ್ದರಿಂದ ಎಲ್ಲರೂ 10 ಕೊಡುತ್ತಾರೆ.