ಕೋಪದ ಜೀನ್‌ ಇದ್ದರೆ ಶಿಕ್ಷೆ ತಗ್ಗಬೇಕೆ?

ಪರ: ಆತ ಆರಿಸಿಕೊಂಡದ್ದಲ್ಲ

ತಿಂಗಳುಗಟ್ಟಲೆ ಹೊಂಚು ಹಾಕಿ ಕೊಂದವನನ್ನೂ ರೇಗಿದ ಗಳಿಗೆಯಲ್ಲಿ ಕೊಂದವನನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಹಠಾತ್ತನೆ ಕೆರಳಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿನಲ್ಲೂ ವಿನಾಯಿತಿಯಿದೆ. ಹಾಗಿರುವಾಗ ಕೆರಳುವಿಕೆಯ ಬೇರನ್ನೇಕೆ ನೋಡಬಾರದು?

ಮಿದುಳಿನಲ್ಲಿ ಸಂದೇಶ ಒಯ್ಯುವ ರಾಸಾಯನಿಕಗಳಾದ ಸೆರೊಟೋನಿನ್, ಡೋಪಮೈನ್, ನಾರ್‌ಅಡ್ರಿನಲಿನ್‌ಗಳನ್ನು ಒಡೆಯುವ ಕಿಣ್ವ ಎಂಎಒಎ. ಅದರ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸಿಗಿರುವುದು ಒಂದೇ ಪ್ರತಿ, ಕೆಟ್ಟರೆ ಬದಲಿಯಿಲ್ಲ. ನೆದರ್ಲೆಂಡ್ಸಿನ ಒಂದು ಕುಟುಂಬದಲ್ಲಿ ಈ ಕಿಣ್ವವೇ ಇಲ್ಲದ ಗಂಡಸರನ್ನು ತಳಿವಿಜ್ಞಾನಿ ಹಾನ್ ಬ್ರನ್ನರ್ ತಂಡ 1993ರಲ್ಲಿ ಗುರುತಿಸಿತು: ಸ್ವಲ್ಪ ಬುದ್ಧಿಮಾಂದ್ಯ, ಸಣ್ಣ ಕಾರಣಕ್ಕೂ ಸಿಡಿಯುವ ಸಿಟ್ಟು, ಬೆಂಕಿ ಹಚ್ಚುವ ಚಾಳಿ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಹುಟ್ಟಿನಿಂದ ಹಿಂಬಾಲಿಸಿದ 442 ಗಂಡುಮಕ್ಕಳ ಅಧ್ಯಯನ 2002ರಲ್ಲಿ ಬಂತು. ಕಿಣ್ವವೂ ಮಂದ, ಬಾಲ್ಯದಲ್ಲಿ ಹಿಂಸೆಯೂ ಆಗಿತ್ತು ಎಂಬವರು ನೂರಕ್ಕೆ 12 ಮಂದಿ. ಹಿಂಸಾಪರಾಧದ ಶಿಕ್ಷೆಗಳಲ್ಲಿ ಅವರ ಪಾಲು ನೂರಕ್ಕೆ 44.

ಬಿಡುಗಡೆ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ತಪ್ಪು ಸಾಬೀತಾದ ಮೇಲೆ, ಶಿಕ್ಷೆಯ ಪ್ರಮಾಣದ ವಿಚಾರಣೆಯಲ್ಲಿ ಜೀನ್ ವರದಿಯನ್ನು ಬಾಲ್ಯದ ಆಸ್ಪತ್ರೆ, ಶಾಲಾ ದಾಖಲೆಗಳ ಜೊತೆಗಿಟ್ಟು ಓದಲಿ. ಅಮೆರಿಕದ ಟೆನೆಸಿಯಲ್ಲಿ 2009ರಲ್ಲಿ ಇಂಥ ಸಾಕ್ಷ್ಯ ಕೇಳಿದ ಜ್ಯೂರಿ, ಆರೋಪವನ್ನು ಕೊಲೆಯಿಂದ ಕೆಳಗಿನ ದರ್ಜೆಗೆ ಇಳಿಸಿತು. ಆರೋಪಿ ಜೈಲಿಗೆ ಹೋದದ್ದು 32 ವರ್ಷಗಳ ಶಿಕ್ಷೆಗೆ. ಸಮಾಜದ ರಕ್ಷಣೆಗೆ ಅದರಿಂದ ಏನೂ ಕೊರತೆಯಾಗಲಿಲ್ಲ.

ವಿರೋಧ: ಜೀನ್ ಆ ದಿನದ ಸಾಕ್ಷಿಯಲ್ಲ

ಎರಡು ಬೇರೆ ಸಂಗತಿಗಳನ್ನು ಒಂದೇ ಹೆಸರಿನಡಿ ಬೆಸೆದಿರುವುದೇ ಈ ವಾದದ ಮೂಲದೋಷ. ಡಚ್ ಕುಟುಂಬದಲ್ಲಿ ಕಿಣ್ವ ಪೂರ್ತಿ ಇರಲಿಲ್ಲ, ಅದು ಅತ್ಯಪರೂಪ. ಕೋರ್ಟಿಗೆ ಬರುವುದು ಕಿಣ್ವ ಕಡಿಮೆ ತಯಾರಾಗುವ ರೂಪ. ಯುರೋಪ್ ಮೂಲದ ಗಂಡಸರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಗೆ ಅದಿದೆ, ಅವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈಯೆತ್ತಿದವರಲ್ಲ.

ಪರೀಕ್ಷೆ ಮಾಡುವುದಾದರೂ ಏನನ್ನು? ರಕ್ತದಿಂದಲೋ ಕೆನ್ನೆಯ ಒಳಪದರದಿಂದಲೋ ಡಿಎನ್‌ಎ ತೆಗೆದು, ಜೀನ್‌ನ ಮುಂಭಾಗದಲ್ಲಿ 30 ಅಕ್ಷರಗಳ ತುಣುಕು ಎಷ್ಟು ಬಾರಿ ಮರುಕಳಿಸಿದೆ ಎಂದು ಎಣಿಸುತ್ತಾರೆ. ಮೂರಾದರೆ ಮಂದ, ನಾಲ್ಕಾದರೆ ಚುರುಕು. ಕೃತ್ಯದ ದಿನ ಮಿದುಳಿನಲ್ಲಿ ಸೆರೊಟೋನಿನ್ ಎಷ್ಟಿತ್ತು ಎಂಬುದನ್ನು ಈ ಎಣಿಕೆ ಹೇಳಲಾರದು. ಬೆನ್ನುಹುರಿಯ ದ್ರವ ತೆಗೆದು ಸೆರೊಟೋನಿನ್ ಒಡೆದ ಮೇಲೆ ಉಳಿಯುವ ಅಂಶವನ್ನು ಅಳೆಯಬಹುದು, ಆದರೆ ಅದು ಸೂಜಿ ಚುಚ್ಚಿದ ದಿನದ ಲೆಕ್ಕ. ಬಂಧನವಾಗಿ ತಿಂಗಳುಗಳಾದ ಮೇಲೆ, ಕುಡಿತ ನಿಂತು, ಮಾತ್ರೆ ಶುರುವಾಗಿ, ಆ ಲೆಕ್ಕ ಬೇರೆಯೇ ಆಗಿರುತ್ತದೆ.

ಡ್ಯುನೆಡಿನ್‌ನ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. ಹಿಂಸೆ ಕಾಣದೆ ಬೆಳೆದವರಲ್ಲಿ ಮಂದ ಜೀನ್‌ನಿಂದ ಅಪರಾಧ ಹೆಚ್ಚಲಿಲ್ಲ. ಹಾಗಾದರೆ ಕೋರ್ಟು ಪರಿಗಣಿಸಬೇಕಾದದ್ದು ಬಾಲ್ಯದ ಏಟುಗಳನ್ನು. ಅದಕ್ಕೆ ಪ್ರಯೋಗಾಲಯ ಬೇಡ. ಏಟು ತಿಂದ ನಾಲ್ಕು ತುಣುಕಿನವನಿಗೆ ಕರುಣೆ ಕಡಿಮೆಯಾಗುವುದೂ ಬೇಡ.

ಇಟಲಿಯ ಟ್ರಿಯೆಸ್ಟೆಯ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಇದೇ ನೆಪದಲ್ಲಿ ಒಂದು ವರ್ಷ ಕಡಿತ ಮಾಡಿತು. ಆರು ತಿಂಗಳೂ ಅಲ್ಲ, ಮೂರು ವರ್ಷವೂ ಅಲ್ಲ, ಒಂದೇ ವರ್ಷ ಏಕೆ ಎಂಬುದಕ್ಕೆ ಜೀವವಿಜ್ಞಾನದಲ್ಲಿ ಉತ್ತರವಿಲ್ಲ. ಅಪಾಯವಿರುವುದು ಕೈದಿಗೇ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದನ್ನು ಅವನ ವಕೀಲರೇ ದಾಖಲೆ ಮಾಡಿಸಿದ ಮೇಲೆ, ಪೆರೋಲ್ ಅರ್ಜಿ ಬಂದಾಗ ಮಂಡಳಿ ಅದೇ ವರದಿಯನ್ನು ತೆಗೆದು ಅವನ ಮುಂದಿಡಬಹುದು.